ನಗರದ ಬಾನಿನಲ್ಲಿ ತಾರಾರೇಖೆಗಳು

ಧ್ರುವನ ಕಥೆಯನ್ನು ಕೇಳದ ಮಗು ನಮ್ಮ ನಾಡಿನಲ್ಲಿ ವಿರಳ. ಆದರೆ ಆ ಧ್ರುವನನ್ನು ಕಣ್ಣಾರೆ ಕಂಡ ಮಗು ಬೆಂಗಳೂರಿನಂತಹ ನಗರದಲ್ಲಿ ಇನ್ನೂ ವಿರಳ. ಬೀದಿಯ ದೀಪಗಳೂ ಅಂಗಡಿಯ ದೀಪಗಳೂ ಮೇಲಕ್ಕೆ ಚೆಲ್ಲುವ ಬೆಳಕು ಧೂಳಿನಲ್ಲಿ ಚದರಿ ಬಾನನ್ನೆಲ್ಲ ಮಸುಕುಗೊಳಿಸಿರುವುದೇ ಇದಕ್ಕೆ ಕಾರಣ. ಹೀಗಿದ್ದರೂ ಮನೆಯ ತಾರಸಿಯಿಂದಲೇ ನಕ್ಷತ್ರಗಳ ಗತಿಯನ್ನು ಚಿತ್ರದಲ್ಲಿ ಹಿಡಿಯುವ ಉಪಾಯವೊಂದುಂಟು. ಗೃಹಸ್ಥರಿಗೂ ಮಕ್ಕಳಿಗೂ ಪ್ರಯೋಜನವಾಗಲೆಂದು ಈ ತಿಂಗಳು ಅದನ್ನು ವಿವರಿಸುತ್ತೇವೆ.

ನಕ್ಷತ್ರಗಳು ಪೂರ್ವದಿಂದ ಪಶ್ಚಿಮಕ್ಕೆ ಸಾಗುವಂತೆ ತೋರುವುದು ಭೂಮಿಯ ಭ್ರಮಣದಿಂದ. ದೋಣಿಯಲ್ಲಿ ಹೋಗುವವನಿಗೆ ದಡದ ವಸ್ತುಗಳೇ ಹಿಂದಕ್ಕೆ ಸರಿಯುವಂತೆ ಕಾಣುವ ದೃಷ್ಟಾಂತದಿಂದ ಆರ್ಯಭಟನು ಐದನೆಯ ಶತಮಾನದ ಕೊನೆಯಲ್ಲಿಯೇ ಇದನ್ನು ತಿಳಿಸಿದ್ದನು. ಭೂಮಿಯು 23 ಗಂಟೆ 56 ನಿಮಿಷಗಳಲ್ಲಿ ಒಂದು ಸುತ್ತು ತಿರುಗುವುದರಿಂದ ಗಂಟೆಯೊಂದಕ್ಕೆ ಪ್ರತಿ ನಕ್ಷತ್ರವೂ ಸುಮಾರು 15 ಡಿಗ್ರಿ ಸರಿಯುತ್ತದೆ. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿಯಾದುದರಿಂದ ಅಲ್ಲಿ ಧ್ರುವನು ಉತ್ತರ ದಿಗಂತದಿಂದ ಅಷ್ಟೇ ಮೇಲಿರುತ್ತಾನೆ. ಉತ್ತರದ ಕಡೆ ತೆಗೆದ ಚಿತ್ರದಲ್ಲಿ ತಾರೆಗಳು ಅವನ ಸುತ್ತ ಕಮಾನು ಕಟ್ಟುತ್ತವೆ. ಪೂರ್ವದ ಕಡೆ ಬಹುಮಟ್ಟಿಗೆ ನೆಟ್ಟಗೆ ಮೇಲೇರುವ ಗೆರೆಗಳು ಮೂಡುತ್ತವೆ. ಅಚಲನೆನಿಸಿದ ಧ್ರುವನೂ ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗಿಂತ ಕೊಂಚ ಹೆಚ್ಚು ದೂರದಲ್ಲಿರುವುದರಿಂದ, ಅವನದೂ ಒಂದು ಪುಟ್ಟ ಕಮಾನು ಉಂಟು.

ಕ್ಯಾಮರಾದ ಕಣ್ಣನ್ನು ಗಂಟೆಗಟ್ಟಲೆ ತೆರೆದಿಟ್ಟರೆ ನಗರದ ಬೆಳಕು ಕೂಡುತ್ತ ಕೂಡುತ್ತ ಚಿತ್ರವೆಲ್ಲ ಬೆಳ್ಳಗಾಗುವುದು. ಆದುದರಿಂದ ಕಾಲವನ್ನು ತುಂಡುಮಾಡಬೇಕು. ಮೋಡವಿಲ್ಲದ ಚಳಿಗಾಲದ ಇರುಳಿನಲ್ಲಿ ಕ್ಯಾಮರಾವನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಅಲುಗದಂತೆ ನಿಲ್ಲಿಸಿ, ದೂರದ ದೀಪವೊಂದಕ್ಕೆ ಫೋಕಸ್ ಹೊಂದಿಸಿ, ಅದನ್ನು ಕದಲಿಸದೆ ಬಿಡತಕ್ಕದ್ದು. ಎಫ್/4, ಐಎಸ್‌ಒ 400, 20 ಸೆಕೆಂಡು ಎಂದು ಆರಂಭಿಸಿ, ಬೆಳಕನ್ನು ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಎರಡು ಚಿತ್ರಗಳ ನಡುವೆ ಒಂದು ಸೆಕೆಂಡಿಗಿಂತ ಹೆಚ್ಚು ಬಿಡುವು ಕೂಡದು. ಬಿಟ್ಟರೆ ಗೆರೆ ತುಂಡುತುಂಡಾಗುವುದು. ಈ ಲೆಕ್ಕದಲ್ಲಿ ಗಂಟೆಗೆ ಸುಮಾರು 170 ಚಿತ್ರಗಳಾಗುತ್ತವೆ.

ಬಳಿಕ ಕಂಪ್ಯೂಟರಿನಲ್ಲಿ ಇವನ್ನು ಒಂದರ ಮೇಲೊಂದು ಪೇರಿಸಬೇಕು. ಇದಕ್ಕೆ ಸ್ಟಾರ್‌ಸ್ಟ್ಯಾಕ್ಸ್ ಮುಂತಾದ ತಂತ್ರಾಂಶಗಳುಂಟು. 'ಲೈಟನ್' ಎಂಬ ಕ್ರಮದಲ್ಲಿ ಪ್ರತಿಯೊಂದು ಬಿಂದುವಿನಲ್ಲಿಯೂ ಎಲ್ಲ ಚಿತ್ರಗಳ ಪೈಕಿ ಹೆಚ್ಚು ಬೆಳಕುಳ್ಳದ್ದು ಮಾತ್ರ ಉಳಿಯುತ್ತದೆ. ಇದರಿಂದ ಬಾನಿನ ಮಸುಕು ರಾಶಿಯಾಗದೆ ನಕ್ಷತ್ರದ ಚುಕ್ಕೆಗಳು ಗೆರೆಯಾಗಿ ಕೂಡಿಕೊಳ್ಳುತ್ತವೆ. ವಿಮಾನವು ಅಡ್ಡಹಾಯ್ದ ಚಿತ್ರದಲ್ಲಿ ಅದರ ಜಾಡಿನ ಮೇಲೆ ಮಾತ್ರ ಕಪ್ಪು ಬಳಿದರೆ ಉಳಿದ ಚಿತ್ರಗಳು ಆ ಜಾಗವನ್ನು ತುಂಬುತ್ತವೆ. ಕ್ಯಾಮರಾದ ಬಾಯಿಗೆ ಮುಚ್ಚಳ ಹಾಕಿ ಅಷ್ಟೇ ಸೆಕೆಂಡುಗಳ ಕೆಲವು ಚಿತ್ರಗಳನ್ನು ತೆಗೆದಿಟ್ಟುಕೊಂಡರೆ, ಯಂತ್ರದ ದೋಷದಿಂದ ಹುಟ್ಟುವ ಹುಸಿಚುಕ್ಕೆಗಳನ್ನೂ ಕಳೆಯಬಹುದು.

ತಿದ್ದುವಿಕೆಗೆ ಎಲ್ಲೆ ಯಾವುದು? ನಮ್ಮ ಅಭಿಪ್ರಾಯವಿಷ್ಟು: ಬಾನಿನಿಂದ ಬಂದ ಬೆಳಕನ್ನು ಸ್ಪಷ್ಟಗೊಳಿಸುವುದು ತಿದ್ದುಪಡಿ, ಬಾರದ ಬೆಳಕನ್ನು ಸೇರಿಸುವುದು ಸುಳ್ಳು. ಒಂದೇ ಚಿತ್ರವನ್ನು ಕಂಪ್ಯೂಟರಿನಲ್ಲಿ ಗಿರ್ರನೆ ತಿರುಗಿಸಿ ವೃತ್ತಗಳನ್ನು ಬರೆಯುವವರುಂಟು; ಕಾಡಿನ ಕಗ್ಗತ್ತಲಲ್ಲಿ ತೆಗೆದ ತಾರೆಗಳನ್ನು ನಗರದ ಮಹಡಿಗಳ ಮೇಲೆ ಅಂಟಿಸುವವರೂ ಉಂಟು. ಅಂತಹ ಚಿತ್ರವನ್ನು ಕಂಡ ಮಗು, ನಮ್ಮ ದೀಪಗಳಿಂದ ಬಾನಿಗೆ ಯಾವ ಹಾನಿಯೂ ಆಗಿಲ್ಲವೆಂದು ನಂಬುತ್ತದೆ. ತಮ್ಮ ತಾರಸಿಯ ಚಿತ್ರದಲ್ಲಿ ಗೆರೆಗಳು ಕೆಲವೇ ಇದ್ದರೆ ವಾಚಕರು ನಾಚಬೇಕಾಗಿಲ್ಲ. ಅದೇ ಕ್ಯಾಮರಾದಿಂದ, ಅದೇ ಕ್ರಮದಲ್ಲಿ, ಊರಿಗೆ ಹೋದಾಗಲೊಮ್ಮೆ ಚಿತ್ರ ತೆಗೆದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮಕ್ಕಳಿಗೆ ತೋರಿಸಲಿ. ಕಳೆದುಕೊಂಡದ್ದು ಎಷ್ಟೆಂಬುದು ಆಗ ಲೆಕ್ಕಕ್ಕೆ ಸಿಕ್ಕುವುದು.

ಈ ನಷ್ಟವು ಸರಿಪಡಿಸಲಾರದ್ದೇನೂ ಅಲ್ಲ. ಲಡಾಖಿನ ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲಬಾನಿನ ರಕ್ಷಿತ ಪ್ರದೇಶವೆಂದು ಗೊತ್ತುಮಾಡಿ, ಅಲ್ಲಿಯ ಮನೆಗಳ ದೀಪಗಳನ್ನೂ ಹತೋಟಿಗೆ ತಂದಿದ್ದಾರೆ. ನಗರವು ಹಾನ್ಲೆಯಾಗಲಾರದು, ನಿಜ. ಆದರೂ ಅಂಗಳದ ದೀಪಕ್ಕೆ ಮೇಲೊಂದು ಮರೆ ಕಟ್ಟಿ ಬೆಳಕನ್ನು ನೆಲಕ್ಕೆ ತಿರುಗಿಸುವುದು, ಮಲಗುವ ಮುನ್ನ ಬೇಡವಾದ ದೀಪವನ್ನು ಆರಿಸುವುದು ಯಾವ ಗೃಹಿಣಿಗೂ ಹೊರೆಯಲ್ಲ. ಕ್ಯಾಮರಾ ಇಲ್ಲದ ಮನೆಯವರೂ ಇಷ್ಟನ್ನು ಇಂದಿನ ಇರುಳಿನಿಂದಲೇ ಆರಂಭಿಸಬಹುದಷ್ಟೆ.