ಜನಾಂಗ ಕೇಳಬೇಡಿ, ಕೆಲಸ ಕೇಳಿ

ಮಂಗಳೂರಿನ ಬೀಡಿಯನ್ನು ಮನೆಯಲ್ಲಿ ಕೂತು ಕಟ್ಟುವವರು ಹೆಚ್ಚಾಗಿ ಹೆಂಗಸರು. ಬಹುತೇಕರು ಸೇದುವವರಲ್ಲ. ಆದರೂ ದಿನವಿಡೀ ಮೂಗಿಗೆ ಹೊಗೆಸೊಪ್ಪಿನ ದೂಳು. ಸೌದೆ ಒಲೆಯಿದ್ದರೆ ಅದರ ಹೊಗೆಯೂ.

ಉಸಿರು ಅಳೆಯುವ ಸ್ಪೈರೋಮೀಟರಿನ ಲೆಕ್ಕದಲ್ಲಿ ವಯಸ್ಸು, ಎತ್ತರದ ಜೊತೆ ಜನಾಂಗವೂ ಸೇರಿಕೊಂಡು ಬಂದಿದೆ. ಬಿಳಿಯರಿಗಿಂತ ಕರಿಯರಿಗೆ, ಏಷ್ಯಾದವರಿಗೆ ಉಸಿರು ಕಡಿಮೆಯಿದ್ದರೂ ಅದು ಸಹಜವಂತೆ! ಅಳತೆಗೋಲನ್ನೇ ಗಿಡ್ಡ ಮಾಡಿದರೆ ಕಾಯಿಲೆ ಕಾಣುವುದು ಹೇಗೆ? 2023ರಲ್ಲಿ ಅಮೆರಿಕದ ಶ್ವಾಸಕೋಶ ತಜ್ಞರ ಸಂಘವೇ ಜನಾಂಗದ ಲೆಕ್ಕ ಬಿಡಿ ಎಂದಿತು.

ಬೀಡಿ ಕಟ್ಟುವ ಪ್ರತಿ ಹೆಂಗಸಿಗೂ ವರ್ಷಕ್ಕೊಮ್ಮೆ ಉಸಿರಿನ ಪರೀಕ್ಷೆ ಆಗಲೇಬೇಕು ಎನ್ನುತ್ತೇವೆ ನಾವು. ‘ಸೇದುತ್ತೀರಾ?’ ಎಂದು ಕೇಳಿ, ‘ಇಲ್ಲ’ ಅಂದಕೂಡಲೇ ಚೀಟಿ ಮಡಚಿದರೆ ಸಾಲದು. ‘ಎಷ್ಟು ವರ್ಷದಿಂದ ಬೀಡಿ ಕಟ್ಟುತ್ತೀರಿ?’ ಎಂದೂ ಬರೆದುಕೊಳ್ಳಲಿ. ಅಕ್ಕಂದಿರೇ, ಕೇಳದಿದ್ದರೆ ನೀವೇ ಹೇಳಿ.