ಹಗುರ ರಿವಾಲ್ವರಿನ ಆಯುಷ್ಯ ಎಷ್ಟು?

ಚುನಾವಣೆ ಘೋಷಣೆಯಾಯಿತೆಂದರೆ ನಮ್ಮ ಹಾನಗಲ್ ಸೀಮೆಯಲ್ಲೂ ಪರವಾನಗಿ ಪಡೆದ ಬಂದೂಕುಗಳು ಪೊಲೀಸ್ ಠಾಣೆ ಸೇರುತ್ತವೆ. ಬೆಳೆ ಕಾಯಲೆಂದು ಅಜ್ಜನ ಕಾಲದಲ್ಲಿ ಕೊಂಡ ಭಾರದ ಬಂದೂಕು ಇನ್ನೂ ಗಟ್ಟಿಯಾಗಿರುವುದನ್ನು ಕಂಡ ಹುಡುಗರು, “ಸರ್, ಈಗಿನ ಹಗುರ ರಿವಾಲ್ವರ್ ಇಷ್ಟು ವರ್ಷ ಬಾಳೀತೇ?” ಎಂದು ಕೇಳುವುದುಂಟು. ಪ್ರಶ್ನೆ ಆಯುಧದ್ದಾದರೂ ಉತ್ತರ ಲೋಹದ್ದು. ಅದು ನಿಮ್ಮ ಸೈಕಲ್ಲಿಗೂ ಅನ್ವಯಿಸುತ್ತದೆ.

ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ 2014ರಲ್ಲಿ ಮಹಿಳೆಯರ ಆತ್ಮರಕ್ಷಣೆಗೆಂದು ‘ನಿರ್ಭೀಕ್’ ಎಂಬ ರಿವಾಲ್ವರನ್ನು ಹೊರತಂದಿತು. ಟೈಟೇನಿಯಂ ಮಿಶ್ರಲೋಹದ ಇದರ ತೂಕ ಸುಮಾರು 500 ಗ್ರಾಂ. ಕೈಚೀಲದಲ್ಲಿ ಭಾರವೆನಿಸದು. ಆದರೆ ಸಂವೇಗ ಸಂರಕ್ಷಣಾ ನಿಯಮಕ್ಕೆ ರಿಯಾಯಿತಿ ಇಲ್ಲ. 6 ಗ್ರಾಂ ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟಿತೆನ್ನಿ. ಸಿಡಿಮದ್ದಿನ ಅನಿಲದ ಪಾಲನ್ನು ಬಿಟ್ಟರೂ, 750 ಗ್ರಾಂ ತೂಕದ ರಿವಾಲ್ವರ್ ಸೆಕೆಂಡಿಗೆ 1.6 ಮೀಟರ್ ವೇಗದಲ್ಲಿ ಹಿಂದಕ್ಕೆ ಒದ್ದರೆ, 500 ಗ್ರಾಂನದು 2.4 ಮೀಟರ್ ವೇಗದಲ್ಲಿ ಒದೆಯುತ್ತದೆ. ಲೆಕ್ಕ ಮಾಡಿ ನೋಡಿ.

ಈ ಒದೆತ ಕೈಗಾಯಿತು. ಚೌಕಟ್ಟಿನ ಪಾಡೇನು? ಪ್ರತಿ ಗುಂಡಿಗೂ ಅದು ಕಣ್ಣಿಗೆ ಕಾಣದಷ್ಟು ಹಿಗ್ಗಿ ಮತ್ತೆ ಕುಗ್ಗುತ್ತದೆ. ಒಂದೇ ಆಕಾರ, ಒಂದೇ ಬಲವಿದ್ದರೆ ಟೈಟೇನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡು ಪಟ್ಟು, ಅಲ್ಯೂಮಿನಿಯಂ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿದರೆ ಕೊನೆಗೊಮ್ಮೆ ಮುರಿಯುವುದಿಲ್ಲವೇ? ಇದೇ ಲೋಹದ ದಣಿವು. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಗಾಡಿಯ ಅಚ್ಚುಗಳು ಮುರಿಯುವುದನ್ನು ಅಭ್ಯಸಿಸಿ ಇದರ ಗುಟ್ಟು ಬಿಡಿಸಿದ. ಸಾಮಾನ್ಯ ಉಕ್ಕಿಗೆ ಒಂದು ಮಿತಿಯಿದೆ. ಹೊರೆ ಆ ಮಿತಿಯ ಕೆಳಗಿದ್ದರೆ ಲಕ್ಷಾಂತರ ಸಲ ಬಿದ್ದರೂ ತಾಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಸಣ್ಣ ಹೊರೆಯೇ ಆದರೂ ಸಾಕಷ್ಟು ಸಲ ಬಿದ್ದರೆ ಬಿರುಕು ಬಿಡಬಹುದು.

ಹಾಗಾದರೆ ಹಗುರ ಲೋಹ ಕೀಳೇ? ಅಲ್ಲ. ನಮ್ಮ ಅರೆಮಲೆನಾಡಿನ ಮಳೆಗಾಲದಲ್ಲಿ ಎಣ್ಣೆ ಕಾಣದ ಉಕ್ಕು ಪೆಟ್ಟಿಗೆಯಲ್ಲೇ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ, ಟೈಟೇನಿಯಂಗಳಿಗೆ ಕಬ್ಬಿಣದ ತುಕ್ಕಿಲ್ಲ. ಅಪರೂಪಕ್ಕೆ ಹಾರಿಸುವ ಆಯುಧಕ್ಕೆ ಹಗುರ ಚೌಕಟ್ಟು ಸಾಕು. ದಿನವೂ ಗುರಿ ಅಭ್ಯಾಸಕ್ಕೆ ಉಕ್ಕೇ ಲೇಸು. ಅದರ ವಯಸ್ಸನ್ನು ಹಾರಿಸಿದ ಗುಂಡುಗಳಿಂದ ಎಣಿಸಬೇಕು, ವರ್ಷಗಳಿಂದಲ್ಲ. ವಿಮಾನದವರು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತರು. 1954ರಲ್ಲಿ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲೇ ಒಡೆದವು. ತನಿಖೆ ಬೆರಳು ತೋರಿಸಿದ್ದು ಲೋಹದ ದಣಿವಿನತ್ತ. ಅಲ್ಯೂಮಿನಿಯಂ ವಿಮಾನಗಳು ಈಗಲೂ ಹಾರುತ್ತಿವೆ, ಆದರೆ ಪ್ರತಿ ಹಾರಾಟವನ್ನೂ ಲೆಕ್ಕವಿಟ್ಟು, ಬಿರುಕು ಹುಡುಕಿ.

ಪಾಲಕರೇ, ಮಗುವಿಗೆ ಹಳೆಯ ಹಗುರ ಸೈಕಲ್ ಕೊಳ್ಳುವಾಗ ಎಷ್ಟು ವರ್ಷದ್ದೆಂದು ಮಾತ್ರ ಕೇಳಬೇಡಿ; ಎಷ್ಟು ಓಡಿದೆ, ಎಲ್ಲಾದರೂ ಬಿದ್ದಿದೆಯೇ ಎಂದು ಕೇಳಿ. ಬಾಗಿದ ಅಲ್ಯೂಮಿನಿಯಂ ಹ್ಯಾಂಡಲನ್ನು ಬಡಿದು ನೆಟ್ಟಗೆ ಮಾಡಿಸದೆ ಬದಲಾಯಿಸಿ. ಮಕ್ಕಳೇ, ದೊಡ್ಡವರನ್ನು ಜೊತೆಗಿಟ್ಟುಕೊಂಡು, ಬೆಂಕಿಯಿಂದ ದೂರದಲ್ಲಿ ಪೆಡಲಿನ ತೋಳಿಗೆ ಸೀಮೆಎಣ್ಣೆ ಸವರಿ, ತುಸು ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸುಣ್ಣದಕಡ್ಡಿಯ ಪುಡಿ ಹಚ್ಚಿ. ಬಿರುಕಿದ್ದರೆ ಒಳಗುಳಿದ ಎಣ್ಣೆ ಒಸರಿ, ಬಿಳುಪಿನ ಮೇಲೆ ಒದ್ದೆ ಗೆರೆ ಮೂಡುತ್ತದೆ. ಆಯುಧವನ್ನು ಮಾತ್ರ ನೀವು ಮುಟ್ಟಬೇಡಿ. ಅದರ ತಪಾಸಣೆ ಪರವಾನಗಿ ಪಡೆದ ಬಂದೂಕು ದುರಸ್ತಿಗಾರರ ಕೆಲಸ.