ಕತ್ತರಿ ಬೀಳದ ರಾತ್ರಿ

ಲೆಡ್ ಜೆಪ್ಪೆಲಿನ್ ರಾಕ್ ತಂಡ ಬರ್ಖಾಸ್ತಾದದ್ದು 1980ರಲ್ಲಿ. ಅಲ್ಲಿಯವರೆಗೆ ಅವರು ಹೊರತಂದ ಲೈವ್ ಆಲ್ಬಮ್ ಒಂದೇ, 1976ರ 'ದ ಸಾಂಗ್ ರಿಮೇನ್ಸ್ ದ ಸೇಮ್'. ಅದು 1973ರ ಜುಲೈನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಮೂರು ಕಛೇರಿಗಳಿಂದ ಆಯ್ದು ಕೂಡಿಸಿದ್ದು. 2003ರ 'ಹೌ ದ ವೆಸ್ಟ್ ವಾಸ್ ವನ್' ಕೂಡ 1972ರ ಎರಡು ರಾತ್ರಿಗಳ ಜೋಡಣೆಯೇ. ಕೇಳಲು ಎರಡೂ ಸೊಗಸು. ಆದರೆ ಅಂಥ ರಾತ್ರಿ ಯಾವ ಊರಿನಲ್ಲೂ ನಡೆದಿಲ್ಲ. ಸಂಪಾದಕನಾದ ನನಗೆ ಕತ್ತರಿಯ ಮೇಲೆ ದ್ವೇಷವೇನಿಲ್ಲ. ಆದರೂ ಈ ಬ್ಯಾಂಡಿನ ವಿಷಯದಲ್ಲಿ ಕಛೇರಿಯಲ್ಲಿ ಕೂತು ಕದ್ದು ಮುದ್ರಿಸಿದ ಟೇಪುಗಳ ಕಡೆಗೇ ನನ್ನ ಒಲವು.

ಕದಿಯುವುದೇನು ಸುಲಭವಿರಲಿಲ್ಲ. ಮ್ಯಾನೇಜರ್ ಪೀಟರ್ ಗ್ರಾಂಟ್ ಆಜಾನುಬಾಹು, ಮುಂಗೋಪಿ. 1971ರಲ್ಲಿ ವ್ಯಾಂಕೂವರ್‌ನಲ್ಲಿ ಶಬ್ದದ ಮಟ್ಟ ಅಳೆಯಲು ಬಂದ ಸರ್ಕಾರಿ ಸಿಬ್ಬಂದಿಯನ್ನೇ ಟೇಪು ಕಳ್ಳರೆಂದು ತಿಳಿದು ಅವರ ಉಪಕರಣ ಪುಡಿಗಟ್ಟಿಸಿದ ಪುಣ್ಯಾತ್ಮ!

ಇಂಥವರ ಕಣ್ಣು ತಪ್ಪಿಸಿದವನು ಲಾಸ್ ಏಂಜಲೀಸ್ ಕಡೆಯ ಮೈಕ್ ಮಿಲಾರ್ಡ್. ಕಾಲು ಗಟ್ಟಿಯಾಗಿದ್ದರೂ ಗಾಲಿಕುರ್ಚಿಯಲ್ಲಿ ಕೂತು 'ಫೋರಂ' ಸಭಾಂಗಣಕ್ಕೆ ಬರುತ್ತಿದ್ದ. ನಾಕಾಮಿಚಿ ಕ್ಯಾಸೆಟ್ ರೆಕಾರ್ಡರ್ ಕುರ್ಚಿಯಲ್ಲೇ ಅಡಗಿರುತ್ತಿತ್ತು. 1977ರ ಜೂನ್‌ನಲ್ಲಿ ಬ್ಯಾಂಡು ಅಲ್ಲಿ ಆರು ರಾತ್ರಿ ನುಡಿಸಿತು. ಮೊದಲ ರಾತ್ರಿ, ಜೂನ್ 21ರಂದು, ಅವನು ಹಿಡಿದ ಟೇಪನ್ನು ಸಂಗ್ರಾಹಕರು ಇಂದಿಗೂ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಜೂನ್ 23ರಂದು 'ದ ಹೂ' ತಂಡದ ಡ್ರಮ್ಮರ್ ಕೀತ್ ಮೂನ್ ವೇದಿಕೆಗೆ ನುಗ್ಗಿ ಬ್ಯಾಂಡಿನ ಡ್ರಮ್ಮರ್ ಜಾನ್ ಬೋನಮ್ ಜೊತೆ ಬಾರಿಸತೊಡಗಿದ. ಲಯ ಅಲ್ಲಲ್ಲಿ ಎಡವುತ್ತದೆ, ಜನ ಹುಚ್ಚೆದ್ದು ಕೂಗುತ್ತಾರೆ. ಅಚ್ಚುಕಟ್ಟಿನ ಆಲ್ಬಮ್ಮಿನಲ್ಲಿ ಇದಕ್ಕೆ ಜಾಗ ಸಿಗುತ್ತಿತ್ತೇ?

ಮಿಲಾರ್ಡ್ ಟೇಪು ಮಾರಿದವನಲ್ಲ. ತನ್ನ ಪ್ರತಿ ವ್ಯಾಪಾರಿಗಳ ಕೈಸೇರಿದರೆ ಯಾರ ಮೂಲಕ ಹೋಯಿತೆಂದು ಪತ್ತೆಯಾಗಲಿ ಎಂದು, ಹಂಚುವ ಪ್ರತಿಗಳಲ್ಲಿ ಗುಟ್ಟಾಗಿ ಗುರುತು ಇಡುತ್ತಿದ್ದನಂತೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದಷ್ಟೂ 'ಹಿಸ್' ಸದ್ದು ಏರುತ್ತದೆ. ಹಾಗಾಗಿಯೇ ಸಂಗ್ರಾಹಕರು ಟೇಪಿನ ವಂಶಾವಳಿ ವಿಚಾರಿಸದೆ ಕೈಚಾಚುವುದಿಲ್ಲ. ಮಿಲಾರ್ಡ್ 1994ರಲ್ಲಿ ತೀರಿಕೊಂಡ.

ಬ್ಯಾಂಡಿನ ಗಿಟಾರ್ ವಾದಕ ಜಿಮ್ಮಿ ಪೇಜ್ 2007ರಲ್ಲಿ ಗ್ಲ್ಯಾಸ್ಗೋ ನ್ಯಾಯಾಲಯದಲ್ಲಿ ಇಂಥ ಕಳ್ಳ ಮುದ್ರಿಕೆಗಳ ವ್ಯಾಪಾರಿಯೊಬ್ಬನ ವಿರುದ್ಧ ಸಾಕ್ಷಿ ನುಡಿದರು. ಅಭಿಮಾನಿಗಳು ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳುವುದರ ಬಗ್ಗೆ ಅವರ ತಕರಾರಿರಲಿಲ್ಲ; ಚೆಂದದ ಹೊದಿಕೆ ಹಾಕಿ, ಒಳಗೇನಿದೆಯೆಂದು ಕೊಳ್ಳುವವನಿಗೆ ತಿಳಿಯದಂತೆ ಮಾರುವುದೇ ತಪ್ಪು ಎಂದರು. ಕೆಲವು ಮುದ್ರಿಕೆಗಳಲ್ಲಂತೂ ಬರೀ ಗೊರಗೊರ ಸದ್ದು, ಸಂಗೀತವೇ ಕೇಳಿಸುವುದಿಲ್ಲ ಎಂದೂ ದೂರಿದರು.